ದಾರಿ ತೋರಿಸದೆ ಕಳಿಸಿದ ಬೆಕ್ಕು

ಗೋಣಿಚೀಲದ ಎಳೆಗಳ ನಡುವಿನಿಂದ ಒಂದು ಉಗುರು ಹೊರಗೆ ಬಂದು ನನ್ನ ಸೀರೆಯ ನೆರಿಗೆಗೆ ಸಿಕ್ಕಿಕೊಂಡಿತ್ತು. ತುದಿಯಲ್ಲಿ ಬಾಗಿದ, ಅಕ್ಕಿಕಾಳಿಗಿಂತ ಸಣ್ಣ ಉಗುರು. ಬಿಡಿಸಲು ಹೋದರೆ ಒಳಗಿನಿಂದ ಇನ್ನೂ ಬಲವಾಗಿ ಎಳೆಯುತ್ತಿತ್ತು. ಬಿಡಿಸುವುದನ್ನು ನಿಲ್ಲಿಸಿ ಚೀಲವನ್ನು ತೊಡೆಯ ಮೇಲೆ ಹಾಗೆಯೇ ಇಟ್ಟುಕೊಂಡು ಕುಳಿತೆ. ಬಸ್ಸು ಕೋಲಾರ ಬಿಟ್ಟು ಶ್ರೀನಿವಾಸಪುರದ ರಸ್ತೆ ಹಿಡಿದಿತ್ತು.

ಕಂಡಕ್ಟರ್ ಬಂದು ಚೀಲವನ್ನೇ ನೋಡಿದ. "ಏನಮ್ಮಾ ಚೀಲ್ದಾಗೆ? ಕೋಳೀನಾ?"

"ಬೆಕ್ಕು," ಎಂದೆ.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಎದ್ದು ನಿಂತಳು. "ಬೆಕ್ಕಾ! ಬೆಳಗ್ ಬೆಳಗ್ಗೇನೇ! ನಮ್ ಹುಡುಗೀನ ನೋಡಕ್ಕೆ ಇವತ್ತು ಗಂಡಿನ ಕಡೆಯೋರು ಬರ್ತಾವ್ರೆ ಕಣಪ್ಪಾ."

"ಅದು ಅಡ್ಡ ಹೋದ್ರೆ ತಾನೇ ಕೆಟ್ಟದ್ದು? ಇದು ನಿಮ್ ಜೊತೇಲೇ ಬರ್ತಾ ಐತೆ. ಕೂತ್ಕಳಿ," ಎಂದ ಕಂಡಕ್ಟರ್. ಹಿಂದಿನ ಸೀಟಿನವರು ನಕ್ಕರು. ಆಕೆ ಕೂರಲಿಲ್ಲ. ಶ್ರೀನಿವಾಸಪುರದವರೆಗೂ ಕಂಬಿ ಹಿಡಿದು ನಿಂತೇ ಬಂದಳು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಅಪರಿಚಿತರ ನಡುವೆ ನನ್ನ ಕಡೆಗೆ ಗಮನ ಬರುವಂಥದ್ದೇನೂ ಆಗದಿರಲಿ ಎಂದು ಬಯಸುವ ಸ್ವಭಾವ ನನ್ನದು. ಅವತ್ತು ಅದಕ್ಕೆ ಅವಕಾಶವಿರಲಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬೆಂಗಳೂರಿನಲ್ಲಿ ಎಂ.ಎಸ್ಸಿ. ಪರೀಕ್ಷೆ ಬರೆದು, ಹಾಸ್ಟೆಲ್ ಖಾಲಿ ಮಾಡಿ, ಫಲಿತಾಂಶಕ್ಕಾಗಿ ಕಾಯುತ್ತಾ ಊರಿಗೆ ಬಂದಿದ್ದೆ. ನಮ್ಮೂರು ಕೋಲಾರ ತಾಲ್ಲೂಕಿನ ಹುತ್ತೂರಿನಿಂದ ನಡೆದು ಹೋಗುವಷ್ಟು ದೂರ. ರಾಗಿ, ಒಂದಿಷ್ಟು ತರಕಾರಿ, ಉಳಿದದ್ದೆಲ್ಲ ಹಿಪ್ಪುನೇರಳೆ. ಮನೆಯ ದೊಡ್ಡ ಕೋಣೆ ರೇಷ್ಮೆ ಹುಳುಗಳಿಗೆ ಮೀಸಲು. ನಾವು ಉಳಿದ ಜಾಗದಲ್ಲಿ ಹೊಂದಿಕೊಂಡು ಇರುತ್ತಿದ್ದೆವು. ಹುಳುಗಳಿರುವ ಬಿದಿರಿನ ತಟ್ಟೆಗಳನ್ನು ಅಟ್ಟಣಿಗೆಯಲ್ಲಿ ಒಂದರ ಮೇಲೊಂದು ಇಟ್ಟಿರುತ್ತಿದ್ದರು. ಇರುವೆ ಹತ್ತದಂತೆ ಅಟ್ಟಣಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರು. ಇಲಿ ಮತ್ತು ಹಲ್ಲಿಗೆ ಬೆಕ್ಕು ಇತ್ತು.

ಬೂದು ಬಣ್ಣದ ಹೆಣ್ಣುಬೆಕ್ಕು. ಬಾಲದ ತುದಿ ಯಾವಾಗಲೋ ಬಾಗಿಲಿಗೆ ಸಿಕ್ಕಿ ಡೊಂಕಾಗಿತ್ತು. ಅದಕ್ಕೆ ಹೆಸರಿರಲಿಲ್ಲ, ಮನೆಯಲ್ಲಿ ಇರುವುದು ಒಂದೇ ಬೆಕ್ಕಾದ್ದರಿಂದ ಹೆಸರು ಬೇಕಾಗಿರಲಿಲ್ಲ. ಕರೆಯುವ ಅಗತ್ಯವೂ ಬರುತ್ತಿರಲಿಲ್ಲ. ಎಳೆ ಹುಳುಗಳಿಗೆ ಸೊಪ್ಪನ್ನು ಸಣ್ಣದಾಗಿ ಹೆಚ್ಚಿ ಹಾಕಬೇಕು. ಅಜ್ಜಿ ಮಣೆಯ ಮೇಲೆ ಸೊಪ್ಪಿನ ಕಂತೆ ಒತ್ತಿ ಹಿಡಿದು ಕತ್ತಿ ಆಡಿಸತೊಡಗಿದರೆ ಬೆಕ್ಕು ಎಲ್ಲಿದ್ದರೂ ಬಂದುಬಿಡುತ್ತಿತ್ತು. ಹೆಚ್ಚಿ ಮುಗಿದ ಮೇಲೆ ಅಜ್ಜಿ ಅದಕ್ಕೆ ಹಾಲು ಬಿಡುತ್ತಿದ್ದರು, ಅಷ್ಟೇ ಕಾರಣ. ಹುಳು ಇಲ್ಲದ ದಿನಗಳಲ್ಲೂ ಹಾಲು ಬಿಡುವ ಮೊದಲು ಅಜ್ಜಿ ಬರಿಯ ಮಣೆಯ ಮೇಲೆ ಕತ್ತಿಯನ್ನು ಟಕಟಕ ಆಡಿಸುತ್ತಿದ್ದರು.

ಅದು ಅಜ್ಜಿಯ ಬೆಕ್ಕು. ಆದರೆ ನಾನು ಬಂದ ಮೇಲೆ ಮಧ್ಯಾಹ್ನಗಳಲ್ಲಿ ನನ್ನ ಚಾಪೆಯ ಕಾಲ್ದೆಸೆಯಲ್ಲಿ ಮಲಗುತ್ತಿತ್ತು. ಆ ತಿಂಗಳುಗಳಲ್ಲಿ ಮನೆಗೆ ಬಂದವರೆಲ್ಲ ನನ್ನನ್ನು ಮುಂದೇನು ಎಂದು ಕೇಳುತ್ತಿದ್ದರು. ಏನನ್ನೂ ಕೇಳದೆ ಹತ್ತಿರ ಬಂದು ಕೂರುತ್ತಿದ್ದದ್ದು ಅದೊಂದೇ.

ಆ ವರ್ಷ ಹೊಲಗಳಲ್ಲಿ ಇಲಿ ವಿಪರೀತವಾಗಿತ್ತು. ಬದುಗಳಲ್ಲೆಲ್ಲ ಬಿಲ. ಒಂದು ಸಂಜೆ ಊರಿನಲ್ಲಿ ತಮಟೆ ಹೊಡೆಸಿದರು. ಮಾರನೆಯ ದಿನ ಗ್ರಾಮಸೇವಕರು ಬಂದು ಅರಳಿಕಟ್ಟೆಯ ಹತ್ತಿರ ನಿಂತು ವಿವರಿಸಿದರು: ಊರಿಗೆ ಊರೇ ಒಟ್ಟಿಗೆ ಇಲಿ ಪಾಷಾಣ ಇಡಬೇಕು, ಒಬ್ಬರು ಇಟ್ಟು ಒಬ್ಬರು ಬಿಟ್ಟರೆ ಪ್ರಯೋಜನವಿಲ್ಲ. "ಮೊದಲೆರಡು ದಿನ ಬರೀ ಕಡಲೆಪುರಿ, ಕಡಲೆಕಾಯಿ ಎಣ್ಣೆ ಹಾಕಿ ಕಲಸಿ ಬಿಲದ ಬಾಯಿಗೆ ಇಡಿ. ಇಲಿಗೆ ನಂಬಿಕೆ ಬರಬೇಕು. ಮೂರನೇ ದಿನ ಅದರಲ್ಲೇ ಪಾಷಾಣ."

"ನಮ್ ಅಳಿಯಂಗೂ ಹಿಂಗೇ ಮಾಡ್ಬೇಕು ಸಾರ್," ಎಂದರು ಯಾರೋ ಹಿರಿಯರು. "ಎರಡು ದಿನ ಅಂತ ಬಂದೋನು ತಿಂಗಳಿಂದ ತಿಂತಾವ್ನೆ."

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಗ್ರಾಮಸೇವಕರು, ನಾಯಿ, ಬೆಕ್ಕು, ಕೋಳಿಗಳನ್ನು ಒಂದು ವಾರ ಹೊರಗೆ ಬಿಡಬೇಡಿ, ಸತ್ತ ಇಲಿಯನ್ನು ತಿಂದರೂ ಅಪಾಯ ಎಂದರು. ಅವರು ಚೀಲ ಎತ್ತಿಕೊಂಡು ಸೈಕಲ್ ಹತ್ತುವಾಗ ಅಜ್ಜಿ ಹತ್ತಿರ ಹೋಗಿ ಕೇಳಿದರು: "ಬೆಕ್ಕು ತಿಂದುಬಿಟ್ರೆ ಏನಾದ್ರೂ ಔಷ್ದಿ ಐತಾ ಸ್ವಾಮಿ?"

"ತಿನ್ನದ ಹಾಗೆ ನೋಡ್ಕೊಳ್ಳೋದೇ ಔಷಧಿ ಅಜ್ಜೀ," ಎಂದರು ಅವರು. ಅವರದು ಒಳ್ಳೆಯ ಮಾತೇ.

ನಾಯಿಗಳನ್ನು ಕಟ್ಟಿದರು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದರು. ಬೆಕ್ಕನ್ನು ಏನು ಮಾಡುವುದು ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಚ್ಚಿನವರು ಆ ಬಗ್ಗೆ ಯೋಚಿಸಲೂ ಇಲ್ಲ. ನಾನು ಹಳೆಯ ಸೀರೆಯ ಅಂಚಿನಿಂದ ಮೆತ್ತಗಿನ ಹಗ್ಗ ಮಾಡಿ ಅದರ ಕುತ್ತಿಗೆಗೆ ಕಟ್ಟಿದೆ. ಅದು ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ತಲೆ ಎಳೆದುಕೊಂಡು ಹಗ್ಗದಿಂದ ಆಚೆ ಬಂದಿತು. ಹೊಟ್ಟೆಗೆ ಕಟ್ಟಿದಾಗ ಬೆನ್ನು ಬಾಗಿಸಿ ಬಿದ್ದುಕೊಂಡು ಎಳೆಯನ್ನು ಒಂದೊಂದಾಗಿ ಕಡಿದು ಹಾಕಿತು. ಕೋಳಿಬುಟ್ಟಿಯಡಿ ಮುಚ್ಚಿ ಮೇಲೆ ಕಲ್ಲಿಟ್ಟರೆ ಇಡೀ ಬೀದಿಗೆ ಕೇಳುವಂತೆ ಅತ್ತಿತು.

ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ ತಲೆ ಎತ್ತಿ, "ಏನಜ್ಜೀ, ಬೆಕ್ಕಿಗೆ ಜೈಲಾ?" ಎಂದಳು.

"ನಿನ್ ಗಂಡನ್ನ ಒಂದಿನ ಇದರಡಿ ಮುಚ್ಚಿಡು, ಅವ್ನು ಸುಮ್ಕಿದ್ರೆ ಆಮೇಲೆ ಬಂದು ಮಾತಾಡು," ಎಂದರು ಅಜ್ಜಿ.

ಹುಳುವಿನ ಕೋಣೆಯಾದರೆ ಬೆಕ್ಕು ತಪ್ಪಿಸಿಕೊಳ್ಳಲಾಗದ ಕೋಣೆ. ಆದರೆ ಆಗತಾನೇ ಒಂದು ಬೆಳೆ ಮುಗಿದಿತ್ತು. ಮುಂದಿನ ಬೆಳೆಗೆ ರೋಗ ತಗಲದಂತೆ ಒಳಗೆಲ್ಲ ಫಾರ್ಮಾಲಿನ್ ಹೊಡೆದು, ಬಾಗಿಲು ಕಿಟಕಿಗಳ ಸಂದಿಗೆ ಕಾಗದ ಅಂಟಿಸಿದ್ದರು. ಆ ಗಾಳಿಯಲ್ಲಿ ಬೆಕ್ಕನ್ನು ಬಿಡುವಂತಿರಲಿಲ್ಲ. ರಾಗಿ ತುಂಬಿಡುವ ಕೋಣೆಯಲ್ಲಿ ಕೂಡಿದೆವು. ಅದು ಮೂಟೆ ಹತ್ತಿ, ಹೆಂಚು ಸರಿಸಿ, ಮಾಡಿನ ಮೇಲೆ ಹೋಗಿ ಬಿಸಿಲಿಗೆ ಕುಳಿತಿತು. ಅಪ್ಪ ಹೆಂಚು ಸರಿಮಾಡಿದರು. ಅದು ಇನ್ನೊಂದು ಹೆಂಚು ಸರಿಸಿತು.

ಅಷ್ಟರಲ್ಲಿ ಬರೀ ಪುರಿಯ ಮೊದಲ ದಿನ ಮುಗಿದಿತ್ತು.

"ಇದನ್ನ ಊರಿಂದಾನೇ ಆಚೆ ಕಳಿಸ್ಬೇಕು," ಎಂದರು ಅಜ್ಜಿ. ಅಪ್ಪನ ಅಕ್ಕ, ನನ್ನ ಅತ್ತೆ, ಇದ್ದದ್ದು ಶ್ರೀನಿವಾಸಪುರದಾಚೆ, ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನಲ್ಲಿ. ಅಲ್ಲಿ ಮಾವು, ಟೊಮೇಟೊ; ಪಾಷಾಣದ ಗದ್ದಲವಿರಲಿಲ್ಲ. ಹದಿನೈದು ದಿನ ಅಲ್ಲಿದ್ದು ಬರಲಿ ಎಂದು ತೀರ್ಮಾನವಾಯಿತು.

ಅಪ್ಪ ಬಿದಿರಿನ ಬುಟ್ಟಿ ತಂದರು. ಅಜ್ಜಿ ಬೇಡವೆಂದರು. "ಬುಟ್ಟೀಲಿ ಸಂದೀಲಿ ನೋಡ್ತಾ ಹೋಗ್ತದೆ. ದಾರಿ ಗೊತ್ತಾದ್ರೆ ಬಿಡ್ತದಾ? ನಾಳಿದ್ದಕ್ಕೆ ವಾಪಸ್ ಬಂದು ಇಲ್ಲೇ ಬಿದ್ದು ಸಾಯ್ತದೆ."

ಅದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಹಾಲು ಕದಿಯುವ ಬೆಕ್ಕನ್ನು ಊರಾಚೆ ಬಿಟ್ಟು ಬರುವವರು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟುತ್ತಾರೆ. ದಾರಿ ಕವಲೊಡೆಯುವಲ್ಲಿ ನಿಂತು ಚೀಲವನ್ನು ಮೂರು ಸುತ್ತು ತಿರುಗಿಸುತ್ತಾರೆ. ಹಾಗೆ ಮಾಡಿದರೆ ಬೆಕ್ಕಿಗೆ ದಿಕ್ಕು ತಪ್ಪುತ್ತದೆ, ಮತ್ತೆ ಮನೆಗೆ ಬರುವುದಿಲ್ಲ ಎನ್ನುತ್ತಾರೆ. ಬೇಡವಾದ ಬೆಕ್ಕಿಗೆ ಮಾಡುವುದನ್ನು ಅಜ್ಜಿ ಬೇಕಾದ ಬೆಕ್ಕಿಗೆ ಮಾಡಿದರು. ಹುತ್ತೂರಿನ ದಾರಿ ಕೂಡುವಲ್ಲಿ ಅಪ್ಪ ಚೀಲವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಒಳಗಿನಿಂದ ಸದ್ದೇ ಬರಲಿಲ್ಲ. ಅಜ್ಜಿ ಚೀಲದ ಮೇಲೆ ಕೈಯಿಟ್ಟು, "ಹೆದರ್ಕೋಬೇಡ, ಹೋಗ್ಬಾ," ಎಂದರು. ಅಪ್ಪನಿಗೆ ಹೊಲದ ಕೆಲಸವಿತ್ತು. ಅತ್ತೆ ನನ್ನನ್ನು ಬಾ ಬಾ ಎಂದು ಹೇಳಿ ಕಳಿಸುತ್ತಲೇ ಇದ್ದರು. ಹೀಗಾಗಿ ಚೀಲ ನನ್ನ ಕೈಗೆ ಬಂತು.

ಅತ್ತೆಯ ಮನೆಯಲ್ಲಿ ತೆಲುಗೇ ಹೆಚ್ಚು. ನಮ್ಮನ್ನು ಕಂಡರೆ ಕನ್ನಡ, ಸಿಟ್ಟು ಬಂದರೆ ಮತ್ತೆ ತೆಲುಗು. "ಏಮೇ, ಇಷ್ಟು ಓದಿ ಪಿಲ್ಲಿ ಹೊತ್ಕೊಂಡು ತಿರುಗ್ತೀಯಾ?" ಎನ್ನುತ್ತಲೇ ಚೀಲದ ಗಂಟು ಬಿಚ್ಚಿದರು. ಬೆಕ್ಕು ಹೊರಗೆ ಬಂದು ಒಲೆಯ ಹಿಂದೆ ಸೇರಿಕೊಂಡಿತು. ಅತ್ತೆ ಅದರ ಅಂಗಾಲುಗಳಿಗೆ ಬೆಣ್ಣೆ ಸವರಿದರು. ಬೆಣ್ಣೆ ನೆಕ್ಕುತ್ತಾ ಕುಳಿತರೆ ಹೊಸ ಮನೆ ರೂಢಿಯಾಗುತ್ತದಂತೆ. ಆ ರಾತ್ರಿ ಅದು ನನ್ನ ಕಾಲ್ದೆಸೆಗೆ ಬಂದು ಮಲಗಿತು. ಬೆಳಿಗ್ಗೆ ನಾನು ಹೊರಡುವಾಗ ಒಲೆಯ ಹಿಂದಿನಿಂದ ನೋಡುತ್ತಿತ್ತು. ಬರಲಿಲ್ಲ.

"ನಿನ್ ಪಿಲ್ಲಿ ನನ್ ಜವಾಬ್ದಾರಿ, ಪೋವೇ," ಎಂದರು ಅತ್ತೆ.

ಊರಿಗೆ ಮರಳಿದಾಗ ಪಾಷಾಣ ಇಟ್ಟಾಗಿತ್ತು. ಎಣ್ಣೆ ಕಲಸಿದ ಪುರಿಗೆ ಬೆಳ್ಳುಳ್ಳಿಯಂಥ ವಾಸನೆ. ಮಾರನೆಯ ದಿನದಿಂದ ಬದುಗಳ ಮೇಲೆ ಇಲಿಗಳು ಸಿಗತೊಡಗಿದವು. ಕೆಲವು ಸತ್ತಿದ್ದವು, ಕೆಲವು ಹಗಲಲ್ಲೇ ಓಡಲಾರದೆ ಕುಳಿತಿದ್ದವು. ಬೀದಿಯ ಕೊನೆಯ ಮನೆಯ ಹಳದಿ ಬೆಕ್ಕು ತೊಟ್ಟಿಯ ಹತ್ತಿರ ಸತ್ತಿತು. ಅದನ್ನು ಕೇಳಿ ಅಜ್ಜಿ, "ನಮ್ದು ಅಲ್ಲೈತಲ್ಲ, ಸದ್ಯ," ಎಂದರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಮತ್ತೆ ನೋಡಲಿಲ್ಲ.

ಆ ವಾರವೇ ಅತ್ತೆಯ ಗಂಡ ಯಾವುದೋ ಕೆಲಸಕ್ಕೆ ಕೋಲಾರಕ್ಕೆ ಬಂದವರು ಮನೆಗೂ ಬಂದರು. ಕೈಕಾಲು ತೊಳೆದು, ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತಾ ಹೇಳಿದರು. ನಾನು ಹೊರಟ ದಿನ ಸಂಜೆಯೇ ಬೆಕ್ಕು ಮನೆಯಿಂದ ಹೋಗಿತ್ತು. ಬರುತ್ತದೆ ಬರುತ್ತದೆ ಎಂದು ಅತ್ತೆ ಕಾದರು. ಬರಲಿಲ್ಲ. "ಅವಳು ಸರಿಯಾಗಿ ಊಟಾನೇ ಮಾಡ್ತಿಲ್ಲ," ಎಂದರು ಮಾವ.

ಯಾರೂ ಯಾರನ್ನೂ ಬಯ್ಯಲಿಲ್ಲ. ಅಜ್ಜಿ ಎದ್ದು ಹೋಗಿ ಸೊಪ್ಪು ಹೆಚ್ಚುವ ಕತ್ತಿಯನ್ನೂ ಮಣೆಯನ್ನೂ ಹಳೆಯ ಪಂಚೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರು. "ಅವ್ಳು ಕೂಗಿದ್ರೆ ಅದ್ಕೇನ್ ತಿಳೀತದೆ? ಇದನ್ನ ತಗೊಂಡ್ ಹೋಗು ಮಗಾ."

ಮಾವನ ಜೊತೆಯಲ್ಲೇ ಹೊರಟೆ. ಒದ್ದೆ ಬಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪನ್ನೂ ಕಟ್ಟಿಕೊಂಡಿದ್ದೆ. ಬರಿಯ ಮಣೆಯ ಸದ್ದಿಗಿಂತ ಸೊಪ್ಪಿನ ಸದ್ದು ದಪ್ಪ. ಅದಕ್ಕೆ ಪರಿಚಿತವಾದ ಸದ್ದೇ ಆಗಲಿ ಎಂದು.

ರಾಯಲ್ಪಾಡಿನಲ್ಲಿ ಮಾರನೆಯ ದಿನವೆಲ್ಲ ಬೀದಿ ಬೀದಿಯಲ್ಲಿ ಕುಳಿತು ಸೊಪ್ಪು ಹೆಚ್ಚಿದೆ. ಮೊದಲು ಅತ್ತೆಯ ಹಿತ್ತಲಲ್ಲಿ. ಆಮೇಲೆ ಪಕ್ಕದವರ ಜಗಲಿಯಲ್ಲಿ, ಬಾವಿಯ ಹತ್ತಿರ, ಟೊಮೇಟೊ ಬುಟ್ಟಿಗಳನ್ನು ಜೋಡಿಸುವ ಚಪ್ಪರದ ಪಕ್ಕ, ಮಾವಿನ ತೋಪಿನ ಬೇಲಿಯ ಬುಡದಲ್ಲಿ. ಅತ್ತೆ ಪ್ರತಿ ಕಡೆಯೂ ಮುಂದೆ ಹೋಗಿ ಅನುಮತಿ ಕೇಳುತ್ತಿದ್ದರು. ನಾನು ಕುಳಿತು, ಮಣೆ ಇಟ್ಟು, ಕಂತೆಯನ್ನು ಒತ್ತಿ ಹಿಡಿದು ಕತ್ತಿ ಆಡಿಸುತ್ತಿದ್ದೆ. ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ. ಮತ್ತೆ ಆಡಿಸುತ್ತಿದ್ದೆ.

ಬಾವಿಯ ಹತ್ತಿರ ಹೆಂಗಸರು ಕೊಡ ಇಳಿಸಿ ನಿಂತರು. "ಎವರಮ್ಮಾ ಈ ಪಿಲ್ಲ? ಆಕುಲು ತರುಗುತಾಂದಿ?" ಯಾರೀ ಹುಡುಗಿ, ಸೊಪ್ಪು ಹೆಚ್ಚುತ್ತಿದ್ದಾಳೆ ಎಂದು ಒಬ್ಬಳು ಕೇಳಿದಳು. ಅತ್ತೆ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದರು. ಬೆಂಗಳೂರಿನಲ್ಲಿ ಓದಿದ್ದನ್ನೂ ಸೇರಿಸಿದರು. ಅದು ಬೇಡವಾಗಿತ್ತು.

"ಬೆಂಗಳೂರಲ್ಲಿ ಇದೇನಾ ಕಲಿಸೋದು?" ಎಂದಳು ಇನ್ನೊಬ್ಬಳು, ನನಗೆ ಅರ್ಥವಾಗಲೆಂದೇ ಕನ್ನಡದಲ್ಲಿ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ. ಕತ್ತಿಯನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ನಕ್ಕವಳೇ ಕೊಡ ಎತ್ತುತ್ತಾ, ತಮ್ಮ ಹಿತ್ತಲಲ್ಲಿ ಹುಲ್ಲಿನ ಬಣವೆಯಿದೆ, ಅಲ್ಲಿ ಬೆಕ್ಕುಗಳು ಮಲಗುತ್ತವೆ, ಅಲ್ಲೂ ಬಂದು ಹೆಚ್ಚಿ ನೋಡು ಎಂದಳು.

ಬಣವೆಯ ಹಿಂದಿನಿಂದ ಒಂದು ಬೂದು ಬೆಕ್ಕು ತಲೆ ಹಾಕಿತು. ನನ್ನ ಕೈ ತನ್ನಷ್ಟಕ್ಕೆ ನಿಂತಿತು. ಅದು ಪೂರ್ತಿ ಹೊರಗೆ ಬಂದು ಮೈ ಮುರಿಯಿತು. ಬಾಲ ನೆಟ್ಟಗಿತ್ತು.

ಸಂಜೆ ರಸ್ತೆಯ ಪಕ್ಕದಲ್ಲಿ ಬುಟ್ಟಿ ಹೆಣೆಯುತ್ತಿದ್ದ ಮುದುಕಿಯೊಬ್ಬಳು ಅತ್ತೆಯ ಮಾತನ್ನು ಪೂರ್ತಿ ಕೇಳಿ, ಬೂದು ಬಣ್ಣವೇ, ಬಾಲ ಡೊಂಕೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ನೋಡಿದ್ದಳಂತೆ. ರಸ್ತೆಯಂಚಿನಲ್ಲಿ ಬಹಳ ಹೊತ್ತು ಕುಳಿತಿತ್ತಂತೆ, ಆ ಕಡೆ ಈ ಕಡೆ ನೋಡುತ್ತಾ. ಆಮೇಲೆ ಎದ್ದು ಹೋಯಿತಂತೆ.

"ಯಾ ಪಕ್ಕ?" ಯಾವ ಕಡೆಗೆ ಎಂದು ಅತ್ತೆ ಕೇಳಿದರು.

ಮುದುಕಿ ಕೈಯಲ್ಲಿದ್ದ ಬಿದಿರಿನ ಸೀಳನ್ನು ಎತ್ತಿ ತೋರಿಸಿದಳು. ಅದು ಮದನಪಲ್ಲಿಯ ಕಡೆ. ಶ್ರೀನಿವಾಸಪುರ, ಕೋಲಾರ, ನಮ್ಮ ಊರು, ಎಲ್ಲ ಅವಳ ಬೆನ್ನ ಹಿಂದಿದ್ದವು.

ನಾನೂ ಅತ್ತೆಯೂ ಆ ರಸ್ತೆಯಲ್ಲಿ ಬೆಳಕಿರುವವರೆಗೆ ನಡೆದೆವು. ಲಾರಿಗಳು ಧೂಳೆಬ್ಬಿಸುತ್ತಾ ಹೋಗುತ್ತಿದ್ದವು. ಸೊಪ್ಪು ಬಾಡಿ ಮೆತ್ತಗಾಗಿತ್ತು. ಅದನ್ನು ಹೆಚ್ಚಿದರೆ ಈಗ ಸದ್ದು ಬರುತ್ತಿರಲಿಲ್ಲ. ಅತ್ತೆ ಒಂದು ಮೋರಿಯ ಮೇಲೆ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಬೆಣ್ಣೆ ಇನ್ನೂ ಸ್ವಲ್ಪ ಸವರ್ಬೇಕಿತ್ತು," ಎಂದರು. ಇಲ್ಲ ಅತ್ತೆ, ಅದರಿಂದಲ್ಲ ಎಂದೆ. ಯಾವುದರಿಂದ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ. ಚೀಲ ತಿರುಗಿಸಿದ್ದರಿಂದ ದಿಕ್ಕು ತಪ್ಪಿತೋ, ಬೆಕ್ಕಿಗೆ ಅಷ್ಟು ದೂರದ ದಿಕ್ಕು ಎಂದೂ ತಿಳಿದಿರುವುದಿಲ್ಲವೋ, ಅದಕ್ಕೆ ಮನೆಯ ಕಡೆ ಹೋಗುವ ಇರಾದೆಯೇ ಇತ್ತೋ ಇಲ್ಲವೋ, ಇದ್ಯಾವುದನ್ನೂ ನಾನು ಓದಿರಲಿಲ್ಲ. ಈಗಲೂ ನನಗೆ ತಿಳಿಯದು.

ಇನ್ನೊಂದು ದಿನ ಹುಡುಕಿ ಊರಿಗೆ ಮರಳಿದೆ. ಅಜ್ಜಿ ಜಗಲಿಯಲ್ಲಿ ಕುಳಿತಿದ್ದರು. ನನ್ನ ಕೈಯಲ್ಲಿ ಪಂಚೆಯ ಗಂಟು ಮಾತ್ರ ಇರುವುದನ್ನು ದೂರದಿಂದಲೇ ನೋಡಿರಬೇಕು. ನಾನು ಹತ್ತಿರ ಬಂದಾಗ ಕುಡಿಯಲು ನೀರು ತಂದುಕೊಟ್ಟರು. ಊಟವಾದ ಮೇಲೆ ಎಲ್ಲ ಹೇಳಿದೆ. ಮದನಪಲ್ಲಿಯ ರಸ್ತೆಯ ವಿಷಯವನ್ನೂ ಹೇಳಿದೆ. ಮುಚ್ಚಿಡುವುದು ಸುಲಭವಿತ್ತು, ಆದರೆ ಮುಚ್ಚಿಟ್ಟಿದ್ದರೆ ಅವರು ದಿನವೂ ಕೋಲಾರದ ದಾರಿ ನೋಡುತ್ತಾ ಕೂರುತ್ತಿದ್ದರು.

ಅಜ್ಜಿ ಪಂಚೆಯ ಗಂಟು ಬಿಚ್ಚಿ ಕತ್ತಿಯನ್ನೂ ಮಣೆಯನ್ನೂ ಮೊದಲಿನ ಜಾಗದಲ್ಲಿ ಇಟ್ಟು ಬಂದರು.

"ಬೆಕ್ಕಲ್ವಾ," ಎಂದರು ಅಪ್ಪ ಸಮಾಧಾನಕ್ಕೆ. "ಇವತ್ತು ಆ ಕಡೆ ಹೋದ್ರೆ ನಾಳೆ ಈ ಕಡೆ ತಿರುಗ್ತದೆ. ಒಂದಿನ ಬಂದೇ ಬರ್ತದೆ ಬಿಡಮ್ಮಾ."

"ಯಾವಾಗ ಬರ್ತದೆ?" ಎಂದರು ಅಜ್ಜಿ. "ಈಗ್ ಬಂದ್ರೆ?"

ಅಪ್ಪನಿಗೆ ಅರ್ಥವಾಗಲಿಲ್ಲ.

"ಅಷ್ಟು ದೂರ ನಡ್ಕೊಂಡು ಹಸ್ಕೊಂಡು ಬರ್ತದೆ ಕಣೋ. ಬರೋದು ಹೊಲದ ಮೇಲೇನೇ. ಬದೂನ ಮೇಲೆ ಇಲಿಗೋಳು ಓಡಕ್ಕೂ ಆಗ್ದಂಗೆ ಕೂತಾವೆ. ಮನೆ ಬಾಗ್ಲಿಗೆ ಬರೋಗಂಟ ತಡ್ಕೊಳ್ತದಾ ಅದು?" ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದರು. ಸ್ವಲ್ಪ ಹೊತ್ತಾದ ಮೇಲೆ, "ಈಗ್ಲೇ ಬರ್ದಿರ್ಲಪ್ಪಾ," ಎಂದದ್ದು ಕೇಳಿಸಿತು. ಯಾರಿಗೆ ಹೇಳಿದರೋ.

ನಾನು ಅವರ ಪಕ್ಕದಲ್ಲೇ ಮಲಗಿದ್ದೆ. ಬರಲಿ ಎಂದುಕೊಂಡರೆ ಬದುಗಳು ಕಣ್ಣಿಗೆ ಬರುತ್ತಿದ್ದವು. ಬಾರದಿರಲಿ ಎಂದುಕೊಂಡರೆ ಆ ರಸ್ತೆ. ಎರಡರಲ್ಲಿ ಒಂದನ್ನು ಬಯಸಲು ನನ್ನಿಂದ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಸನಿಕೆಯನ್ನೂ ಒಂದು ಹಳೆಯ ಮಂಕರಿಯನ್ನೂ ತೆಗೆದುಕೊಂಡು ಹೊಲಕ್ಕೆ ಹೋದೆ. ನಮ್ಮ ಬದುಗಳ ಮೇಲೆ ಸಿಕ್ಕ ಇಲಿಗಳನ್ನು ಸನಿಕೆಯ ತುದಿಯಿಂದ ಮಂಕರಿಗೆ ಹಾಕಿಕೊಂಡು, ಬಿಲಗಳ ಬಾಯಲ್ಲಿ ಉಳಿದಿದ್ದ ಪುರಿಯನ್ನು ಮಣ್ಣಿನ ಸಮೇತ ಕೆರೆದು ತೆಗೆದೆ. ಮೂಲೆಯಲ್ಲಿ ಮೊಣಕಾಲುದ್ದದ ಗುಂಡಿ ತೋಡಿ ಎಲ್ಲವನ್ನೂ ಹೂತು, ಮಣ್ಣು ತುಳಿದು, ಮೇಲೆ ಕಲ್ಲಿಟ್ಟೆ. ಅಷ್ಟು ಹೊತ್ತಿಗೆ ಬಿಸಿಲೇರಿತ್ತು. ನಮ್ಮ ಬದು ಮುಗಿದು ಪಕ್ಕದವರ ಹಿಪ್ಪುನೇರಳೆ ತೋಟ ಶುರುವಾಗುತ್ತಿತ್ತು. ಅದರಾಚೆ ಇನ್ನೊಬ್ಬರದು, ಅದರಾಚೆ ಮತ್ತೊಬ್ಬರದು, ಕೋಲಾರದ ರಸ್ತೆಯವರೆಗೂ.

ಪಕ್ಕದ ತೋಟದ ಯಜಮಾನರು ಸೊಪ್ಪು ಕೊಯ್ಯುತ್ತಿದ್ದವರು ತಲೆಯೆತ್ತಿ ನೋಡಿದರು. "ಏನಮ್ಮಾ ಹುಡುಕ್ತಾ ಇದ್ದೀಯಾ?"

"ಸತ್ತ ಇಲಿ," ಎಂದೆ. "ನಿಮ್ಮ ಬದೂನಲ್ಲಿರೋದನ್ನೂ ತಗೊಂಡು ಹೋಗ್ಲಾ?"

ಅವರು ನನ್ನನ್ನೂ ಮಂಕರಿಯನ್ನೂ ನೋಡಿ, ತಗೋ ಎಂಬಂತೆ ಕೈಬೀಸಿದರು. ಇನ್ನೊಬ್ಬರ ತೋಟವೆಂದು ನಾನು ಚಪ್ಪಲಿ ಕಳಚಿಟ್ಟು ಅವರ ಬದು ಹತ್ತಿದೆ.